ಮುಟ್ಟದ ಕೈಯ ನಂಜು

ಹಣಮವ್ವನ ಎದೆಯ ಮೇಲಿನ ಪೈಪು ಎಲ್ಲಿಂದ ಒಳಗೆ ಹೋಗಿದೆ ಎಂಬುದು ಸಂಜುಕುಮಾರನಿಗೆ ಹದಿನಾಲ್ಕು ತಿಂಗಳಾದರೂ ಸರಿಯಾಗಿ ಗೊತ್ತಿರಲಿಲ್ಲ. ವಾರಕ್ಕೆ ಎರಡು ಸಲ ಆಕೆ ಅವನೆದುರಿನ ಕುರ್ಚಿಯಲ್ಲೇ ನಾಲ್ಕು ತಾಸು ಕೂರುತ್ತಿದ್ದಳು. ಅವನು ಎರಡು ಮಾರು ದೂರ ನಿಂತು ಪೆನ್ನು ತೋರಿಸುತ್ತಿದ್ದ. ಪೆನ್ನು ತೋರಿಸಿದಲ್ಲಿಗೆ ಸುಂದರಬಾಯಿಯ ಕೈ ಹೋಗುತ್ತಿತ್ತು.

ಸುಂದರಬಾಯಿ ಅಲ್ಲಿ ನೆಲ ಒರೆಸುವಾಕೆ.

ಆಳಂದದ ಬಸ್ ನಿಲ್ದಾಣದಿಂದ ತುಸು ಒಳಗೆ, ಅಣ್ಣಾರಾಯ ಸಾಹುಕಾರರು ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಡಯಾಲಿಸಿಸ್ ಕೇಂದ್ರ ಅದು. ಆರು ಮಷೀನು. ಬಿಳಿ ಟೈಲ್ಸು. ಬಾಗಿಲಲ್ಲಿ ತಾಯಿಯ ಫೋಟೋ, ಒಳಗೆ ಬಸವಣ್ಣನ ಫೋಟೋ, ಎರಡಕ್ಕೂ ದಿನಾ ಹೂವು. ಬಾಡಿದ ಹೂ ತೆಗೆದು ಚೆಲ್ಲುವುದು ಸುಂದರಬಾಯಿ, ಹೊಸದು ಏರಿಸುವುದು ಬೇರೆಯವರು. ಇಲ್ಲಿ ಎಲ್ಲವೂ ಉಚಿತ ಎಂದು ಗೋಡೆಯ ಮೇಲೆ ಬರೆಸಿದ್ದರು. ಪುಕ್ಕಟೆ ರಕ್ತ ತೊಳೆಸಿಕೊಳ್ಳುವವರು ಬಾಯಿ ಮುಚ್ಚಿಕೊಂಡಿರಬೇಕು ಎಂದು ಬರೆಸಿರಲಿಲ್ಲ. ಬರೆಸುವ ಅಗತ್ಯ ಇರಲಿಲ್ಲ.

ಹಣಮವ್ವ ಮಾದನಹಿಪ್ಪರಗಾದ ಕೇರಿಯಾಕೆ. ತವರು ಜೇವರ್ಗಿ ಕಡೆಯ ಇಜೇರಿ. ಭೂಸನೂರಿನ ಹೊಲಗಳಲ್ಲಿ ಹದಿನೈದು ಸುಗ್ಗಿ ಕಬ್ಬು ಕಡಿದವಳು. ಒಂದು ದಿನ ಹೊತ್ತ ಹೊರೆ ಇಳಿಸಲಾಗದೆ ಹೊರೆಯ ಸಂಗಡವೇ ಬಿದ್ದಳು. ಕಲಬುರಗಿಯಲ್ಲಿ ಎರಡೂ ಕಿಡ್ನಿ ಸತ್ತಿವೆ ಎಂದರು. ಬಲಗಡೆ ಕೊರಳ ಬುಡದಿಂದ ಒಂದು ಪೈಪು ಇಳಿಸಿ, ಎದೆಯ ಚರ್ಮದ ಮೇಲೆ ಅದರ ಎರಡು ಬಾಯಿ ಹೊರಗೆ ಬಿಟ್ಟರು. ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ನೀಲಿ. ಒಂದರಿಂದ ರಕ್ತ ಮಷೀನಿಗೆ ಹೋಗಬೇಕು, ತೊಳೆದದ್ದು ಇನ್ನೊಂದರಿಂದ ಒಳಗೆ ಬರಬೇಕು. ಇದು ಸದ್ಯಕ್ಕೆ ಮಾತ್ರ, ಮೂರು ತಿಂಗಳೊಳಗೆ ತೋಳಿನಲ್ಲಿ ನರ ಜೋಡಿಸುತ್ತೇವೆ, ಅಲ್ಲಿಗೇ ಸೂಜಿ ಚುಚ್ಚಿ ರಕ್ತ ತೊಳೆಯಬಹುದು, ಆಮೇಲೆ ಇದನ್ನು ಕಿತ್ತುಬಿಡಬೇಕು, ಕೇಂದ್ರದವರಿಂದ ಒಂದು ಚೀಟಿ ತಗೊಂಡು ಬಾ ಎಂದರು.

ಚೀಟಿ ಬರಲೇ ಇಲ್ಲ. ಕೇಳಿದಾಗಲೆಲ್ಲ ಸಂಜುಕುಮಾರ ಬರೆಯುತ್ತೇನೆ ಎಂದ. ಆಕೆಯ ನಂತರ ಸೇರಿದ ಭೂಸನೂರಿನ ರೇವಣಪ್ಪ ಗೌಡನಿಗೆ ಎರಡನೇ ತಿಂಗಳಿಗೇ ಚೀಟಿ ಸಿಕ್ಕಿತು, ತೋಳಿನಲ್ಲಿ ನರ ಜೋಡಣೆಯಾಯಿತು, ಪೈಪು ಹೋಯಿತು. ಹಣಮವ್ವನ ಪೈಪು ಇದ್ದಲ್ಲೇ ಇತ್ತು.

ಸಂಜುಕುಮಾರ ಸಾಹುಕಾರರ ತಮ್ಮನ ಮಗ. ಮಷೀನು ನಡೆಸುವ ಕೆಲಸ ಕಲಿತು ಬಂದವನು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಜಾತಿಯ ಶಬ್ದ ಬಾಯಲ್ಲಿ ತಂದವನಲ್ಲ. ಮೊದಲ ದಿನ ಹಣಮವ್ವನ ಹೆಸರು ಬರೆದುಕೊಂಡ, ಊರು ಬರೆದುಕೊಂಡ, ಊರಲ್ಲಿ ಮನೆ ಯಾವ ಕಡೆ ಬರುತ್ತದೆ ಎಂದು ಕೇಳಿದ. ಆಕೆ ಹೇಳಿದಳು. ಅವನು ಬರೆಯುವುದನ್ನು ನಿಲ್ಲಿಸಿ ಬಚ್ಚಲ ಕಡೆ ತಿರುಗಿ ಕೂಗಿದ.

"ಸುಂದರಬಾಯಿ, ನಿಮ್ಮಾಕಿ ಬಂದಾಳ ನೋಡು."

ಅಷ್ಟೇ. ಆ ಮಾತಿನಲ್ಲಿ ಎಲ್ಲವೂ ಇತ್ತು. ಸುಂದರಬಾಯಿ ಬಚ್ಚಲು ತಿಕ್ಕುತ್ತಿದ್ದವಳು ಹಾಗೇ ಬಂದಳು. ಕೈಯಲ್ಲಿ ಗ್ಲೌಸ್ ಇತ್ತು. ಪಾಳಿಗೆ ಒಂದೇ ಜೊತೆ ಕೊಡುತ್ತಿದ್ದರು. ಅದರಲ್ಲೇ ಬಚ್ಚಲು, ಅದರಲ್ಲೇ ಕಸದ ಡಬ್ಬಿ, ಅದರಲ್ಲೇ ವಾಂತಿಯ ಬುಟ್ಟಿ. ಮುಚ್ಚಳ ತಿರುವು ಎಂದ, ತಿರುವಿದಳು. ಪಟ್ಟಿ ಕೀಳು ಎಂದ, ಕಿತ್ತಳು. ಇದನ್ನು ಅದಕ್ಕೆ ಜೋಡಿಸು ಎಂದ, ಜೋಡಿಸಿದಳು. ಮಷೀನಿನ ಗುಂಡಿ ಮಾತ್ರ ಅವನೇ ಒತ್ತಿದ.

ಉಳಿದ ಐದು ಕುರ್ಚಿಗಳಿಗೆ ಅವನೇ ಹೋಗುತ್ತಿದ್ದ. ಅಜ್ಜ, ಕಾಕಾ, ಮಾಮಾ ಎಂದು ಮೈದಡವಿ ಮಾತಾಡಿಸಿ ಹಚ್ಚುತ್ತಿದ್ದ.

ಸುಂದರಬಾಯಿ ದಡ್ಡಿಯಲ್ಲ. ನಾಲ್ಕನೆಯ ಇಯತ್ತೆ ಓದಿದ್ದಳು. ಆದರೆ ಪೈಪಿನ ವಿದ್ಯೆ ಅವಳಿಗೆ ಯಾರೂ ಕಲಿಸಿರಲಿಲ್ಲ. ತನಗೆ ತಿಳಿದ ಶುದ್ಧವನ್ನು ಅವಳು ಮಾಡಿದಳು. ಹಣಮವ್ವನ ಬಳಿ ಹೋಗುವ ಮೊದಲು ಗ್ಲೌಸನ್ನು ಫಿನೈಲಿನ ಬಕೆಟಿನಲ್ಲಿ ಅದ್ದಿ ತೆಗೆಯುತ್ತಿದ್ದಳು. ಹಳೇ ಸೀರೆಯ ಮೆತ್ತನೆ ತುಂಡೊಂದನ್ನು ಮನೆಯಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ಮಡಿಸಿ ಉಡಿಯಲ್ಲಿ ಇಟ್ಟುಕೊಂಡು ಬರುತ್ತಿದ್ದಳು. ಪೈಪಿನ ಬಾಯಿಗೆ ರಕ್ತದ ಹನಿ ಅಂಟಿದ್ದರೆ ಅದರಿಂದ ಒರೆಸುತ್ತಿದ್ದಳು. ತಾಯಿ ಕೂಸಿನ ಬಾಯಿ ಒರೆಸುವ ಹಾಗೆ. ನಂಜು ಒಳಗೆ ಹೋದದ್ದು ಪೈಪಿನ ಆ ಬಾಯಿಯಿಂದಲೇ.

ಒಮ್ಮೆ ರಕ್ತದ ನಳಿಗೆ ಜಾರಿತು. ಹಿಡಿಯಲು ಹೋದ ಸಂಜುಕುಮಾರನ ಮುಂಗೈ ಹಣಮವ್ವನ ಭುಜಕ್ಕೆ ತಾಗಿತು. ನಳದ ಹತ್ತಿರ ಹೋಗಿ ಮೊಣಕೈತನಕ ಸಾಬೂನು ಹಚ್ಚಿ ತೊಳೆದ. ಮತ್ತೊಮ್ಮೆ ತೊಳೆದ. ಹಣಮವ್ವ ಮುಖ ಗೋಡೆಗೆ ತಿರುಗಿಸಿದಳು. ಸುಂದರಬಾಯಿ ಅವನ ಕೈಯಿಂದ ಸಿಡಿದ ನೀರನ್ನು ನೆಲದಿಂದ ಒರೆಸಿದಳು.

ಹದಿಮೂರನೇ ತಿಂಗಳಿಗೆ ಚಳಿ ಶುರುವಾಯಿತು. ಮಷೀನು ಹಚ್ಚಿ ಅರ್ಧ ತಾಸಿಗೆ ಹಣಮವ್ವನ ಹಲ್ಲು ಕಟಗುಟ್ಟುತ್ತಿದ್ದವು, ಕುರ್ಚಿ ಸಮೇತ ನಡುಗುತ್ತಿದ್ದಳು. ಮೂರು ಚಾದರ ಹೊದಿಸಿದರೂ ನಿಲ್ಲುತ್ತಿರಲಿಲ್ಲ. ಸುಂದರಬಾಯಿ ಹೇಳಿದಳು. ಸಂಜುಕುಮಾರ ಫ್ಯಾನಿನ ಗಾಳಿ ಎಂದ. ಮುಂದಿನ ವಾರ ಹೇಳಿದಳು. ಜ್ವರದ ಗುಳಿಗೆಯನ್ನು ಕಾಗದದಲ್ಲಿ ಹಾಕಿ ಕುರ್ಚಿಯ ಹಿಡಿಕೆಯ ಮೇಲೆ ಜಾರಿಸಿದ. ಮೂರನೇ ವಾರ ಆಕೆಯ ಉಗುರುಗಳ ಅಡಿಯಲ್ಲಿ ಕಪ್ಪು ಗೀರು ಮೂಡಿದ್ದವು. ಮಲಗಿದರೆ ಉಸಿರು ಬರುತ್ತಿರಲಿಲ್ಲ. ಸುಂದರಬಾಯಿ ಒರೆಸುವ ಕೋಲು ಅಲ್ಲೇ ಬಿಟ್ಟು, ಆಕೆಯನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ಬಂದಳು. ನೆಲ ಯಾರು ಒರೆಸಬೇಕು ಎಂದು ಹಿಂದಿನಿಂದ ಸಂಜುಕುಮಾರ ಕೇಳಿದ್ದು ಅವಳಿಗೆ ಕೇಳಿಸಿತು. ಕಲಬುರಗಿಯ ಬಸ್ಸಿನಲ್ಲಿ ಕೂತ ಮೇಲೂ, ಹೊತ್ತಾಗ ಬೆನ್ನಿಗೆ ಬಡಿದ ಹಣಮವ್ವನ ಎದೆ ಅವಳ ಬೆನ್ನಲ್ಲಿ ಇನ್ನೂ ಬಡಿಯುತ್ತಲೇ ಇತ್ತು.

ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಎದೆಯ ಮೇಲೆ ಯಂತ್ರವಿಟ್ಟು ಪರದೆಯಲ್ಲಿ ನೋಡಿದರು. ಖುರ್ಷಿದ ಎಂಬ ನರ್ಸಮ್ಮ ಸುಂದರಬಾಯಿಯನ್ನೂ ಕರೆದು ತೋರಿಸಿದಳು. ಗುಂಡಿಗೆಯಲ್ಲಿ ಬಾಗಿಲುಗಳಿವೆ, ರಕ್ತ ಒಂದು ಕಡೆಗೆ ಹೋಗಲು ತೆರೆಯುತ್ತವೆ, ತಿರುಗಿ ಬಾರದಂತೆ ಮುಚ್ಚುತ್ತವೆ. ಈಕೆಯ ಒಂದು ಬಾಗಿಲಿಗೆ ಹರಕು ಚಿಂದಿಯಂಥದ್ದು ಅಂಟಿ ಪಟಪಟ ಹಾರುತ್ತಿತ್ತು. ಅದು ನಂಜಿನ ಗಡ್ಡೆ. ಬಾಗಿಲನ್ನು ತಿಂದುಬಿಟ್ಟಿದೆ, ಮುಚ್ಚುತ್ತಿಲ್ಲ, ರಕ್ತ ಹಿಂದಕ್ಕೆ ಹೊರಳುತ್ತಿದೆ ಎಂದಳು.

"ಪೈಪಿನ ತುದಿ ನೆಟ್ಟಗ ಗುಂಡಿಗಿ ತನಕ ಹೋಗಿರ್ತದ ಅಕ್ಕಾ. ಹೊರಗ ಬಾಯಿಗಿ ಹೊಲಸು ತಾಗಿದ್ರ ನಡುವ ತಡಿಯೋರು ಯಾರೂ ಇಲ್ಲ. ಪೈಪು ಯಾರು ತಗೀತಿದ್ರು?"

"ನಾನೇ."

"ನೀ ಅಲ್ಲಿ ಏನ್ ಕೆಲಸ ಮಾಡ್ತಿ?"

"ನೆಲಾ ಒರಸ್ತೇನಿ."

ಖುರ್ಷಿದ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸುಂದರಬಾಯಿ ಹೊರಗೆ ಹೋಗಿ ನಳದ ಕೆಳಗೆ ತನ್ನ ಕೈಗಳನ್ನು ಕಲ್ಲಿಗೆ ತಿಕ್ಕಿದಳು. ಚರ್ಮ ಕಿತ್ತು ಬರುವತನಕ ತಿಕ್ಕಿದಳು. ಖುರ್ಷಿದಳೇ ಬಂದು ಕೈ ಹಿಡಿದು ನಿಲ್ಲಿಸಿದಳು.

"ನಿನ್ನ ಕೈಲೆ ಆಗ್ಯಾದ, ಖರೇ. ಆದ್ರ ಆ ಕೈ ಅಲ್ಲಿಗಿ ಯಾಕ ಹೋತು? ಕಲಿತ ಕೈ ಯಾಕ ಹೋಗಲಿಲ್ಲ? ಅದನ್ನ ಕೇಳು."

ಆ ಮಾತಿನವರೆಗೆ ಸುಂದರಬಾಯಿಯ ಸಿಟ್ಟು ಅವಳ ಕೈಗಳ ಮೇಲಿತ್ತು. ಅಲ್ಲಿಂದ ಅದು ಎದ್ದು ಆಳಂದದ ಕಡೆ ನಡೆಯಿತು.

ಹಳೇ ಪೈಪು ಕಿತ್ತರು. ಆರು ವಾರ ಸೂಜಿಮದ್ದು ಹರಿಸಿದರು. ನಂಜು ಸತ್ತಿತು, ತಿಂದುಹೋದ ಬಾಗಿಲು ತಿರುಗಿ ಬೆಳೆಯಲಿಲ್ಲ. ಅದನ್ನು ಕೊಯ್ದು ಸರಿಮಾಡಲು ಮೈಯಲ್ಲಿ ತ್ರಾಣವಿಲ್ಲ, ತೋಳಿನಲ್ಲಿ ನರ ಜೋಡಿಸಿದರೆ ಆ ಭಾರವನ್ನೂ ಗುಂಡಿಗೆ ತಾಳುವುದಿಲ್ಲ ಎಂದರು. ಎಡಗಡೆ ಹೊಸ ಪೈಪು ಹಾಕಿದರು. ಇನ್ನೊಮ್ಮೆ ನಂಜಾದರೆ ಈಕೆ ಉಳಿಯುವುದಿಲ್ಲ ಎಂದು ಡಾಕ್ಟರರು ಮುಚ್ಚಿಡದೆ ಹೇಳಿದರು. ಜಿಲ್ಲೆಯ ಆರೋಗ್ಯಾಧಿಕಾರಿಗೆ ಪತ್ರವನ್ನೂ ಬರೆದರು. ಕಲಬುರಗಿಯಲ್ಲಿ ಮಷೀನಿಗೆ ಪಾಳಿ ಖಾಲಿ ಇರಲಿಲ್ಲ. ಹಣಮವ್ವ ಮತ್ತೆ ಆಳಂದದ ಆ ಕುರ್ಚಿಗೇ ಬರಬೇಕಿತ್ತು.

ಆ ಆರು ವಾರ, ಹೋಗಿ ಬಂದಾಗಲೆಲ್ಲ, ಸುಂದರಬಾಯಿ ಖುರ್ಷಿದಳ ಕೈಯನ್ನೇ ನೋಡಿದಳು. ಮೊದಲು ಏನು ಮುಟ್ಟುತ್ತಾಳೆ, ಆಮೇಲೆ ಏನು, ಯಾವುದನ್ನು ಮುಟ್ಟಿದರೆ ತಿರುಗಿ ತೊಳೆಯುತ್ತಾಳೆ. ಎಲ್ಲ ನೆನಪಿಟ್ಟುಕೊಂಡಳು. ತಾನು ಮಾಡಲಿಕ್ಕಲ್ಲ. ಮಾಡಿಸಲಿಕ್ಕೆ.

ಹಣಮವ್ವ ಬರುವ ಸೋಮವಾರದ ಬೆಳಿಗ್ಗೆ ಅಣ್ಣಾರಾಯ ಸಾಹುಕಾರರು ಸುಂದರಬಾಯಿಯನ್ನು ತಮ್ಮ ಕೋಣೆಗೆ ಕರೆಸಿದರು. ಗುರುವಾರ ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬರುವವರಿದ್ದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಕಾಗದವಿತ್ತು.

"ನೀ ಕೆಟ್ಟಾಕಿ ಅಂತ ನಾ ಅನ್ನಂಗಿಲ್ಲವ್ವ. ನಿಮ್ಮಾಕಿ ಅಂತ ಕಕ್ಕುಲಾತಿಗಿ ಮುಟ್ಟಿದಿ. ಇದಕ್ಕೊಂದು ಸಹಿ ಮಾಡು. ನಿನ್ನ ಕೆಲಸ ಇರ್ತದ, ಆಕಿ ಕುರ್ಚಿನೂ ಇರ್ತದ."

ಸುಂದರಬಾಯಿ ನಿಂತೇ ಓದಿದಳು. ಅಕ್ಷರ ಅಕ್ಷರ ಕೂಡಿಸಿ ಓದಿದಳು. ಸ್ವಚ್ಛತಾ ಸಿಬ್ಬಂದಿಯಾದ ನಾನು, ತಂತ್ರಜ್ಞರ ಗಮನಕ್ಕೆ ತಾರದೆ, ಸ್ವಜಾತಿಯ ರೋಗಿಯೆಂಬ ಸಲಿಗೆಯಿಂದ ಎಂದಿತ್ತು. ಮುಂದೆ ಓದಲಿಲ್ಲ. ಕಾಗದ ಮಡಿಸಿ ಕುಬುಸದೊಳಗೆ ಇಟ್ಟುಕೊಂಡಳು.

"ಸಹಿ ಮಾಡವ್ವ" ಎಂದರು ಸಾಹುಕಾರರು.

"ಮಾಡಂಗಿಲ್ರಿ. ಇದು ನನ್ನ ಹೆಸರಿಲೆ ಬರದದ್ದು, ನನ್ನ ಕಡಿನೇ ಇರ್ಲಿ. ಬರೋ ಸಾಹೇಬ್ರು ಓದ್ಲಿ. ಹದಿನಾಕು ತಿಂಗಳು ಗಮನಕ್ಕ ಬರಲಿಲ್ಲಂದ್ರ ನಿಮ್ಮ ಹುಡುಗನ ಕಣ್ಣು ಎಲ್ಲಿದ್ವು ಅಂತ ಅವರೇ ಕೇಳ್ಲಿ."

ಕಾಗದ ಕೊಟ್ಟು ಹೋಗು ಎಂದು ಅವರು ಎದ್ದುನಿಂತರು. ಮೇಜು ಬಳಸಿ ಬಂದರು. ಅವಳ ಕುಬುಸಕ್ಕೆ ಕೈಹಾಕುವ ಹಾಗಿರಲಿಲ್ಲ. ಮುಟ್ಟಬೇಕಾಗುತ್ತಿತ್ತು. ಅವಳು ನಿಧಾನವಾಗಿ ಹೊರಗೆ ಬಂದಳು.

ಹಣಮವ್ವ ಬಸ್ಸಿಳಿದು ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲಿ ನಾಲ್ಕು ಕಡೆ ನಿಂತಳು. ಕಾಲು ಬಾತು ಚಪ್ಪಲಿ ಕೈಯಲ್ಲಿತ್ತು. ಹಿಂದಿನ ಗುರುವಾರ ಕಲಬುರಗಿಯಲ್ಲಿ ರಕ್ತ ತೊಳೆದದ್ದು, ಆಗಲೇ ನಾಲ್ಕು ದಿನವಾಗಿತ್ತು. ಕುರ್ಚಿಯಲ್ಲಿ ಒರಗಲು ಆಗದೆ ಮುಂದಕ್ಕೆ ಬಾಗಿ ಕೂತು ಉಸಿರು ಎಳೆದಳು. ಬಸ್ಸಿನಿಂದ ಇಳಿಸಿಕೊಂಡು ಬರುವಾಗ ಆಕೆ ಸುಂದರಬಾಯಿಗೆ ಒಂದೇ ಮಾತು ಹೇಳಿದ್ದಳು. ಅವನು ಮುಟ್ಟದಿದ್ದರೆ ನಾನು ಹಚ್ಚಿಸಿಕೊಳ್ಳುವುದಿಲ್ಲ, ನನ್ನ ಜೀವಕ್ಕೇ ಬಂತೆಂದು ನೀನು ಕರಗಬೇಡ.

ಸಂಜುಕುಮಾರ ದೂರದಿಂದಲೇ ಹೇಳಿದ. "ಸುಂದರಬಾಯಿ, ಗ್ಲೌಸ್ ಹಾಕ್ಕೋ."

"ನಾ ಮುಟ್ಟಂಗಿಲ್ಲ. ನೀ ಬಾ."

ಸರ್ ಇರಲಿಲ್ಲ. ರಿ ಇರಲಿಲ್ಲ. ಐದೂ ಕುರ್ಚಿಗಳು ಇತ್ತ ತಿರುಗಿದವು. ಸಂಜುಕುಮಾರನ ಕಿವಿ ಕೆಂಪಾಯಿತು. ಹಾಗಾದರೆ ಆಕೆ ಹಾಗೇ ಕೂತಿರಲಿ ಎಂದ. ಕುಂದರ್ತೇನಿ ಎಂದಳು ಹಣಮವ್ವ.

ಕಾಲು ತಾಸು ಹೋಯಿತು. ಅರ್ಧ ತಾಸು ಹೋಯಿತು. ಆಕೆಯ ಉಸಿರಿನ ಗೊರಗೊರ ಮಷೀನುಗಳ ಸದ್ದಿಗಿಂತ ಜೋರಾಯಿತು. ತುಟಿ ನೀಲಿಗೆ ತಿರುಗಿತು. ಸುಂದರಬಾಯಿಯ ಕೈಗಳು ತಾವಾಗಿಯೇ ಮುಂದೆ ಹೋಗಲು ನೋಡಿದವು. ಅವಳು ಅವನ್ನು ಬೆನ್ನ ಹಿಂದೆ ಒಯ್ದು ಒಂದರಲ್ಲೊಂದು ಬಿಗಿಹಿಡಿದಳು. ಉಗುರು ನಾಟುವಷ್ಟು ಬಿಗಿ. ಅವಳು ಹುಟ್ಟಿದಾಗಿನಿಂದ ಮಾಡಿದ ಕೆಲಸಗಳಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ್ದು.

ಪಕ್ಕದ ಕುರ್ಚಿಯ ರೇವಣಪ್ಪ ಗೌಡ ಬುದ್ಧಿ ಹೇಳಿದ. "ಹಟ ಬ್ಯಾಡ ಹಣಮವ್ವ. ಪುಕ್ಕಟ ಮಾಡಾಕತ್ತಾರ, ಸುಮ್ನ ಮಾಡಿಸ್ಕೋ."

ಹಣಮವ್ವ ತಲೆಯೆತ್ತಿದಳು. ಒಂದೊಂದು ಮಾತಿಗೂ ಒಂದೊಂದು ಉಸಿರು ತಗೊಂಡಳು.

"ನಿಮ್ಮ ಹೊಲದಾಗ ಕಬ್ಬು ಕಡೀತ ಕಡೀತ ನನ್ನ ಕಿಡ್ನಿ ಒಣಗ್ಯಾವ್ರಿ ಗೌಡ್ರ. ಕುಡಿಲಾಕ ನೀರಿನ ಕೊಡ ನೀವು ಅಷ್ಟು ದೂರ ಇಡ್ತಿದ್ರಿ. ಪುಕ್ಕಟ ಅನ್ನಬ್ಯಾಡ್ರಿ."

ಗೌಡ ಛತ್ತಿನ ಕಡೆ ನೋಡಿದ.

ಸಂಜುಕುಮಾರ ಮನೆಗೆ ಹೋಗಿದ್ದ ದೊಡ್ಡಪ್ಪನಿಗೆ ಫೋನಿನಲ್ಲಿ ತಿಳಿಸಿದ. ಸಾಹುಕಾರರ ದನಿ ಫೋನಿನ ಹೊರಗೂ ಕೇಳಿಸುತ್ತಿತ್ತು. ಗುರುವಾರ ಅಧಿಕಾರಿಗಳು ಬರುತ್ತಾರೆ, ಅವಳು ನಮ್ಮ ಕುರ್ಚಿಯಲ್ಲಿ ಸಾಯಬಾರದು, ಏನಾದರೂ ಮಾಡು. ಸಾಯಬಾರದು ಎಂದದ್ದು ನಿಜ, ಆದರೆ ಒತ್ತು ಬಿದ್ದದ್ದು ಕುರ್ಚಿಯ ಮೇಲೆ. ಸಂಜುಕುಮಾರ ಫೋನು ಇಟ್ಟು ಹೊಸ ಗ್ಲೌಸಿನ ಪೊಟ್ಟಣ ಹರಿದ.

"ಮೊದಲ ಕೈ ತೊಳ್ಕೋ" ಎಂದಳು ಸುಂದರಬಾಯಿ.

"ಗ್ಲೌಸ್ ಹಾಕ್ಕೊಳ್ಳಾಕತ್ತೇನಲ್ಲ."

"ಫೋನ್ ಹಿಡದ ಕೈ ಅದು. ಮುಟ್ಟಿದ ಮ್ಯಾಲ ತೊಳ್ಕೊಳ್ಳೋದು ನಿಮ್ಮ ಮನಿ ರೂಢಿ. ಇದು ದವಾಖಾನಿ. ಇಲ್ಲಿ ಮುಟ್ಟೂದಕ್ಕಿಂತ ಮೊದಲ ತೊಳ್ಕೋಬೇಕು."

ಅವನು ಹಣಮವ್ವನನ್ನು ನೋಡಿದ. ತುಟಿ ನೋಡಿದ. ನಳದ ಕಡೆ ನಡೆದ.

ತೊಳೆದು ಬಂದವನು ಮೂಗಿನಿಂದ ಜಾರಿದ ಮಾಸ್ಕು ಏರಿಸಿಕೊಂಡ. ತೊಳ್ಕೋ ಎಂದಳು. ತೊಳೆದು ಬಂದ. ಕುರ್ಚಿಯ ಹಿಡಿಕೆ ಹಿಡಿದು ಸರಿಸಿದ. ತೊಳ್ಕೋ ಎಂದಳು. ಮೂರನೇ ಸಲ ಬಂದಾಗ ಹಣೆಯಿಂದ ಬೆವರು ಇಳಿಯುತ್ತಿತ್ತು, ಹಸ್ತದ ಹಿಂಭಾಗದಿಂದ ಒರೆಸಿಕೊಂಡ.

"ಮಾರಿ ಮುಟ್ಕೊಂಡಿ. ಹೊಲಸಾತು. ತೊಳ್ಕೋ."

"ನನ್ನ ಮಾರಿ ಅದು."

"ಹೌದು. ನಿನ್ನ ಮಾರಿ. ಅದಕ್ಕೇ ಹೊಲಸಾತು."

ತಲೆಮಾರುಗಟ್ಟಲೆ ಒಂದೇ ದಿಕ್ಕಿಗೆ ಹರಿದ ಆ ಶಬ್ದ ಮೊದಲ ಸಲ ತಿರುಗಿ ಬಂದು ಇಸ್ತ್ರಿ ಅಂಗಿಯ ಮೇಲೆ ಬಿದ್ದಿತ್ತು. ಸಂಜುಕುಮಾರ ಒಂದು ಹೆಜ್ಜೆ ಮುಂದೆ ಬಂದ. ಅವನಿಗೆ ಹೊಡೆಯಬೇಕೆನ್ನಿಸಿದ್ದು ಸುಂದರಬಾಯಿಗೆ ಕಂಡಿತು. ಹೊಡೆದರೆ ಮತ್ತೆ ತೊಳೆಯಬೇಕಾಗುತ್ತಿತ್ತು. ಅವನು ನಳಕ್ಕೆ ಹೋದ. ನಾಲ್ಕನೇ ಸಲ ತೊಳೆದ. ಕೈ ಕೆಂಪಾಗಿತ್ತು.

ಸುಂದರಬಾಯಿಗೆ ಸುಖವಾಯಿತು. ಬಾಯಲ್ಲಿ ನೀರೂರುವಂಥ ಸುಖ. ಅದಕ್ಕೆ ಅವಳು ನಾಚಲಿಲ್ಲ.

ಕೊನೆಗೆ ಅವನು ಗ್ಲೌಸ್ ಹಾಕಿಕೊಂಡು ಬಗ್ಗಿದ. ಪಟ್ಟಿ ಬಿಡಿಸಿದ. ಮದ್ದಿನಿಂದ ಪೈಪಿನ ಬಾಯಿ ತಿಕ್ಕಿದ, ಇನ್ನೂ ತಿಕ್ಕು ಎಂದಾಗ ಇನ್ನೂ ತಿಕ್ಕಿದ. ಮುಚ್ಚಳ ತಿರುವುವಾಗ ಅವನ ಬೆರಳು ಜಾರಿ ಹಣಮವ್ವನ ಎದೆಯೆಲುಬಿಗೆ ತಾಗಿತು. ಹಣಮವ್ವ ಅವನ ಮುಖವನ್ನೇ ನೋಡುತ್ತಿದ್ದಳು.

"ಹೆದರಬ್ಯಾಡೋ ತಮ್ಮ, ನಾ ಕಡಿಯಂಗಿಲ್ಲ" ಎಂದಳು.

ಯಾರೋ ಒಬ್ಬರು ಮೂಗಿನಲ್ಲೇ ನಕ್ಕರು. ರಕ್ತ ನಳಿಗೆಯಲ್ಲಿ ಹರಿದು ಮಷೀನಿಗೆ ಹೋಯಿತು. ಅದು ಎಲ್ಲರ ರಕ್ತದ ಬಣ್ಣದ್ದೇ ಇತ್ತು ಎಂದು ಹೇಳಿ ಯಾರನ್ನೂ ಸಮಾಧಾನ ಮಾಡಬೇಕಾಗಿಲ್ಲ. ಈಕೆಯ ರಕ್ತ ಗುಂಡಿಗೆಯಲ್ಲಿ ಹಿಂದಕ್ಕೆ ಹೊರಳುತ್ತಿತ್ತು, ಉಳಿದವರದು ಹೊರಳುತ್ತಿರಲಿಲ್ಲ. ವ್ಯತ್ಯಾಸ ಅಷ್ಟು ಇತ್ತು. ಅದನ್ನು ಮಾಡಿದವನು ಕೈಯೊಣಗಿಸಿಕೊಳ್ಳುತ್ತ ನಿಂತಿದ್ದ.

ಒಂದು ತಾಸಿನ ಮೇಲೆ ಹಣಮವ್ವನ ತುಟಿಗೆ ಬಣ್ಣ ಬಂತು, ಕುರ್ಚಿಗೆ ಒರಗಿದಳು. ಆಗ ರೇವಣಪ್ಪ ಗೌಡ ಮೆಲ್ಲಗೆ ಕೇಳಿದ. ಅವನ ತೋಳಿನಲ್ಲಿ ಎರಡು ಸೂಜಿ ನಾಟಿದ್ದವು.

"ಸಂಜು, ನನಗ ಚುಚ್ಚುವಾಗ ನೀ ಕೈ ತೊಳ್ಕೊಂಡಿದ್ದೇನ?"

ಸಂಜುಕುಮಾರ ಮಷೀನಿನ ಕಡೆ ತಿರುಗಿ ಅಂಕಿ ನೋಡತೊಡಗಿದ. ಗೌಡ ಸುಂದರಬಾಯಿಯ ಕಡೆ ತಿರುಗಿದ. ನೀನು ದಿನಾ ಇಲ್ಲೇ ಇರುತ್ತಿದ್ದೆಯಲ್ಲ, ತೊಳೆಯುತ್ತಿದ್ದನೇ ಎಂದು ಕೇಳಿದ. ಅವನ ದನಿಯಲ್ಲಿ ಹೆದರಿಕೆ ಇತ್ತು. ಸುಂದರಬಾಯಿಗೆ ಉತ್ತರ ಗೊತ್ತಿತ್ತು. ಸಂಜುಕುಮಾರ ಹಣಮವ್ವನ ಕುರ್ಚಿಯ ಹತ್ತಿರದಿಂದ ಬಂದಾಗ ಮಾತ್ರ ತೊಳೆಯುತ್ತಿದ್ದ. ಅಜ್ಜನಿಂದ ಕಾಕಾಗೆ, ಕಾಕಾನಿಂದ ಮಾಮಾಗೆ ಹೋಗುವಾಗ ಎಂದೂ ತೊಳೆದವನಲ್ಲ. ನಮ್ಮವರ ಮೈಯಲ್ಲಿ ಹೊಲಸಿರುವುದಿಲ್ಲ ಎಂಬ ನಂಬಿಕೆ ಅವನದು.

"ನಾ ನೆಲಾ ನೋಡ್ತಿದ್ನಿರಿ ಗೌಡ್ರ" ಎಂದಳು. "ಮ್ಯಾಲ ನೋಡು ಅಂತ ಯಾರೂ ಹೇಳಿರಲಿಲ್ಲ."

ಗೌಡ ತನ್ನ ತೋಳನ್ನು ನೋಡಿಕೊಂಡ. ಉಳಿದ ಕುರ್ಚಿಗಳಲ್ಲೂ ಒಬ್ಬೊಬ್ಬರಾಗಿ ತಮ್ಮ ತಮ್ಮ ತೋಳು ನೋಡಿಕೊಂಡರು. ಇನ್ನು ಅವರಿಗೆ ಸಣ್ಣ ಚಳಿ ಬಂದರೂ ನಿದ್ದೆ ಬರುವುದಿಲ್ಲ. ಬಾರದಿರಲಿ ಎಂದುಕೊಂಡಳು.

ನಾಲ್ಕು ತಾಸು ಮುಗಿಯಿತು. ಬಿಡಿಸುವಾಗಲೂ ಸಂಜುಕುಮಾರನೇ ಬಿಡಿಸಿದ. ಅವಸರಕ್ಕೆ ನಳಿಗೆಯಿಂದ ಒಂದಿಷ್ಟು ರಕ್ತ, ಒಂದಿಷ್ಟು ನೀರು ನೆಲಕ್ಕೆ ಚೆಲ್ಲಿತು. ಪಟ್ಟಿ ಹಚ್ಚಿ ಮುಗಿಸಿ, ನೆಟ್ಟಗೆ ನಿಂತು, ಇಡೀ ಹಜಾರಕ್ಕೆ ಕೇಳುವಂತೆ ಹೇಳಿದ. "ನಾಳಿಂದ ನೀ ಕೆಲಸಕ್ಕ ಬರಬ್ಯಾಡ. ದೊಡ್ಡಪ್ಪ ಹೇಳ್ಯಾರ."

ಸುಂದರಬಾಯಿ ಗೋಡೆಯ ಹತ್ತಿರದ ಸ್ಟೂಲು ಎಳೆದಳು. ರೋಗಿಯ ಸಂಗಡ ಬಂದವರು ಕೂರುವ ಸ್ಟೂಲು. ಹಣಮವ್ವನ ಪಕ್ಕಕ್ಕೆ ಹಾಕಿ ಕೂತಳು. ಆ ಕೇಂದ್ರದಲ್ಲಿ ಅವಳು ಕೂತದ್ದು ಅದೇ ಮೊದಲು.

"ಕೆಲಸಕ್ಕ ಬರಂಗಿಲ್ಲ. ಆಕಿ ಕೂಡ ಬರ್ತೇನಿ. ಗುರುವಾರ ಬರ್ತೇನಿ, ಸೋಮವಾರ ಬರ್ತೇನಿ. ಆಕಿ ಉಸಿರು ಇರೋತನಕ ಇಲ್ಲೇ ಕುಂತು ನಿನ್ನ ಕೈ ನೋಡ್ತೇನಿ. ಆಮ್ಯಾಲ ಕೇರ್ಯಾಗಿಂದ ಇನ್ನೊಬ್ರು ಬರ್ತಾರ, ಅವರ ಕೂಡ ಬರ್ತೇನಿ."

ಹೊರಗೆ ಮಧ್ಯಾಹ್ನದ ಪಾಳಿಯವರು ಬಾಗಿಲಿಗೆ ಬಂದು ನಿಂತಿದ್ದರು. ಅವರ ಮತ್ತು ಕುರ್ಚಿಗಳ ನಡುವೆ ಬಿಳಿ ಟೈಲ್ಸಿನ ಮೇಲೆ ಹಣಮವ್ವನ ರಕ್ತ ಹರಡಿಕೊಂಡಿತ್ತು. ಯಾರೂ ದಾಟಲಿಲ್ಲ. ಎಲ್ಲರೂ ಸುಂದರಬಾಯಿಯನ್ನು ನೋಡಿದರು. ಸುಂದರಬಾಯಿ ಸಂಜುಕುಮಾರನನ್ನು ನೋಡಿದಳು.

ಅವನು ನೆಲ ಒರೆಸುವ ಬಟ್ಟೆ ಹುಡುಕಿದ. ಬಟ್ಟೆ ಎಲ್ಲಿರುತ್ತದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ಅವಳು ಹೇಳಿಕೊಡಲಿಲ್ಲ.